ಎಳೆ ಕಡಿಯದೆ ತೆರೆದ ಕಿತ್ತಳೆ ಟ್ಯೂಬ್: 24 ಕೋರ್ ಕೇಬಲ್ಲಿನ ನಡುವೆ ಮಾಡಿದ ಒಂದು ಕೆಲಸದ ದಾಖಲೆ

ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ರಸ್ತೆಯಿಂದ ಇಳಿದು ತೋಟದ ಅಂಚಿನಲ್ಲಿರುವ ಎಂಟು ಮನೆಗಳಿಗೆ ಇಂಟರ್ನೆಟ್ ಸಂಪರ್ಕ ಕೊಡುವ ಕೆಲಸ ಕಳೆದ ಮಾರ್ಚ್ ತಿಂಗಳಿನಲ್ಲಿ ನಮ್ಮ ತಂಡಕ್ಕೆ ಬಂದಿತ್ತು. ಬೆಳಕಿನ ಮೂಲಕ ಸಂಪರ್ಕ ಒಯ್ಯುವ ಇಪ್ಪತ್ತನಾಲ್ಕು ಗಾಜಿನ ಎಳೆಗಳಿರುವ ನಮ್ಮ 24 ಕೋರ್ ಆಪ್ಟಿಕಲ್ ಫೈಬರ್ ಕೇಬಲ್ ಆ ಮನೆಗಳ ಮುಂದಿನ ಕಂಬದ ಮೇಲೆಯೇ ಹಾದು ಹೋಗುತ್ತದೆ; ಕಂಬದಲ್ಲಿ ಹತ್ತು ಮೀಟರಿನಷ್ಟು ಹೆಚ್ಚುವರಿ ಕೇಬಲ್ ಸುತ್ತಿಟ್ಟದ್ದೂ ಇತ್ತು. ಕೇಬಲ್ಲನ್ನು ಅಲ್ಲಿ ಪೂರ್ತಿ ಕತ್ತರಿಸಿ, ಇಪ್ಪತ್ತನಾಲ್ಕು ಎಳೆಗಳನ್ನೂ ಮತ್ತೆ ಬೆಸೆದು, ಒಂದನ್ನು ಮಾತ್ರ ಈ ಮನೆಗಳ ಕಡೆ ತಿರುಗಿಸುವುದು ಒಂದು ದಾರಿ. ಆದರೆ ಆ ಎಳೆಗಳ ಪೈಕಿ ಹಲವು ಮುಂದಿನ ಊರುಗಳಿಗೆ ಸಂಪರ್ಕ ಒಯ್ಯುತ್ತಿದ್ದವು. ಒಂದು ಎಳೆಗಾಗಿ ಎಲ್ಲವನ್ನೂ ಕಡಿದರೆ ಅರ್ಧ ದಿನ ಆ ಊರುಗಳು ಸಂಪರ್ಕವಿಲ್ಲದೆ ಕುಳಿತಿರಬೇಕಾಗುತ್ತದೆ. ಜೊತೆಗೆ ಬೇಕಿಲ್ಲದ ಇಪ್ಪತ್ತಮೂರು ಬೆಸುಗೆಗಳು ಆ ಕೇಬಲ್ಲಿನಲ್ಲಿ ಶಾಶ್ವತವಾಗಿ ಉಳಿಯುತ್ತವೆ. ಆದುದರಿಂದ ಕೇಬಲ್ಲನ್ನು ತುಂಡರಿಸದೆ, ನಡುವಿನಲ್ಲಿಯೇ ಹೊರಕವಚ ತೆಗೆದು, ಎಳೆಗಳನ್ನು ಆರಾರಾಗಿ ಹೊತ್ತ ಪ್ಲಾಸ್ಟಿಕ್ ಟ್ಯೂಬುಗಳಲ್ಲಿ ಬೇಕಾದ ಒಂದನ್ನು ಮಾತ್ರ ಉದ್ದಕ್ಕೆ ಸೀಳಿ, ಅದರೊಳಗಿನ ಒಂದೇ ಎಳೆಯನ್ನು ಹೊರತೆಗೆಯಬೇಕೆಂದು ತೀರ್ಮಾನಿಸಿದೆವು.

ಈ ಕೆಲಸದಲ್ಲಿ ಕೈ ನಡುಗುವ ಘಟ್ಟ ಯಾವುದೆಂದರೆ ಟ್ಯೂಬ್ ಸೀಳುವುದು. ಬೆಸೆಯುವ ಯಂತ್ರ ತಪ್ಪು ಮಾಡಿದರೆ ಪರದೆಯ ಮೇಲೆ ತೋರಿಸುತ್ತದೆ, ಮತ್ತೊಮ್ಮೆ ಬೆಸೆಯಬಹುದು. ಟ್ಯೂಬ್ ಸೀಳುವಾಗ ಆದ ತಪ್ಪು ಹಾಗಲ್ಲ. ನಮ್ಮ ಕೇಬಲ್ಲಿನ ಟ್ಯೂಬಿನ ಹೊರವ್ಯಾಸ ಸುಮಾರು 2.4 ಮಿಲಿಮೀಟರ್, ಅದರ ಗೋಡೆಯ ದಪ್ಪ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಒಳಗೆ ಜೆಲ್ಲಿಯಲ್ಲಿ ಸಡಿಲವಾಗಿ ಮಲಗಿರುವ ಪ್ರತಿ ಎಳೆಯ ಗಾಜಿನ ವ್ಯಾಸ 125 ಮೈಕ್ರಾನ್. ಅದರ ಮೇಲಿನ ಬಣ್ಣದ ಲೇಪನವೂ ಸೇರಿದರೆ 250 ಮೈಕ್ರಾನ್, ಅಂದರೆ ಕಾಲು ಮಿಲಿಮೀಟರ್. ಬೆಳಕು ಹರಿಯುವ ನಡುವಿನ ಭಾಗವಂತೂ ಕೇವಲ 9 ಮೈಕ್ರಾನ್ ಆಸುಪಾಸು. ಗೋಡೆಯನ್ನು ಪೂರ್ತಿ ಸೀಳಬೇಕು, ಅದರ ಹಿಂದೆಯೇ ಇರುವ ಎಳೆಯನ್ನು ಮುಟ್ಟಬಾರದು. ಇಷ್ಟು ಸಣ್ಣ ಅಂತರವನ್ನು ಬರಿಯ ಕೈಯ ಅಳತೆಯಲ್ಲಿ ಕಾಯುತ್ತೇನೆಂದು ಹೇಳುವ ಧೈರ್ಯ ನನಗಿಲ್ಲ.

ಹಿಂದೊಮ್ಮೆ ಆ ಧೈರ್ಯ ಮಾಡಿದ್ದೆ. ಕೆಲವು ವರ್ಷಗಳ ಹಿಂದೆ ಇನ್ನೊಂದು ಊರಿನಲ್ಲಿ, ಸೀಳುವ ಉಪಕರಣ ಕೈಯಲ್ಲಿರಲಿಲ್ಲವೆಂದು ಕಾಗದ ಕತ್ತರಿಸುವ ಬ್ಲೇಡಿನಿಂದಲೇ ಟ್ಯೂಬನ್ನು ಕೆರೆದು ಬಿಚ್ಚಿದ್ದೆ. ಅಂದು ಒಂದು ಎಳೆಯೂ ತುಂಡಾಗಲಿಲ್ಲ, ಎಲ್ಲ ಅಳತೆಗಳೂ ಸರಿಯಾಗಿಯೇ ಬಂದವು, ತೆರೆದ ಭಾಗವನ್ನೂ ಬೆಸುಗೆಗಳನ್ನೂ ಇಡುವ ಪೆಟ್ಟಿಗೆ ಮುಚ್ಚಿ ಮನೆಗೆ ಹೋದೆವು. ಮಳೆಗಾಲ ಹಿಡಿದ ಮೇಲೆ ಒಂದು ರಾತ್ರಿ ಅದೇ ಪೆಟ್ಟಿಗೆಯಲ್ಲಿ ಒಂದು ಎಳೆ ತನ್ನಷ್ಟಕ್ಕೆ ತಾನೇ ತುಂಡಾಯಿತು. ಬಿಚ್ಚಿ ನೋಡಿದಾಗ ತುಂಡಾದ ಜಾಗದಲ್ಲಿ ಬಣ್ಣದ ಲೇಪನ ಉದ್ದಕ್ಕೆ ಹೆರೆದುಹೋಗಿತ್ತು. ಗಾಜಿನ ಮೇಲೆ ಗೀರು ಬಿದ್ದಿದ್ದು, ಆ ಎಳೆ ಬಾಗಿದ ಸ್ಥಿತಿಯಲ್ಲಿದ್ದು, ತೇವವೂ ತಗಲಿದರೆ, ಆ ಗೀರು ನಿಧಾನವಾಗಿ ಒಳಕ್ಕೆ ಬೆಳೆಯುತ್ತ ಹೋಗಿ ಒಂದು ದಿನ ಗಾಜನ್ನು ಮುರಿಯುತ್ತದೆ. ಬ್ಲೇಡು ಮಾಡಿದ ಹಾನಿ ಆ ದಿನವೇ ಕಣ್ಣಿಗೆ ಬೀಳುವುದಿಲ್ಲ ಎಂಬುದನ್ನು ಆ ರಾತ್ರಿ ಮಳೆಯಲ್ಲಿ ನಿಂತು ಕಲಿತೆ. ಅಂದಿನಿಂದ ಟ್ಯೂಬಿನ ಮೇಲೆ ಬರಿಯ ಬ್ಲೇಡು ಇಟ್ಟಿಲ್ಲ.

ನಾನು ಬಳಸುವುದು ನಡುಭಾಗದಲ್ಲಿ ಟ್ಯೂಬ್ ಸೀಳಲೆಂದೇ ಮಾಡಿದ ಅಂಗೈ ಗಾತ್ರದ ಒಂದು ಸ್ಲಿಟ್ಟರ್. ಅದು ಅಡ್ಡಲಾಗಿ ಎರಡು ಹೋಳಾಗಿ ತೆರೆದುಕೊಳ್ಳುತ್ತದೆ. ಒಳಗೆ ಬೇರೆ ಬೇರೆ ಅಗಲದ ಐದು ಕಾಲುವೆಗಳಿವೆ, 1.9 ಮಿಲಿಮೀಟರಿನಿಂದ 3.0 ಮಿಲಿಮೀಟರಿನವರೆಗಿನ ಟ್ಯೂಬುಗಳು ಅವುಗಳಲ್ಲಿ ಒಂದಲ್ಲ ಒಂದರಲ್ಲಿ ಕೂರುತ್ತವೆ. ಪ್ರತಿ ಕಾಲುವೆಯ ಎರಡು ಬದಿಯಲ್ಲೂ ಎದುರು ಬದುರಾಗಿ ಒಂದೊಂದು ಸಣ್ಣ ಅಲಗು ಇದ್ದು, ಅದು ಎಷ್ಟು ಹೊರಗೆ ಚಾಚಬೇಕೆಂಬುದು ತಯಾರಿಕೆಯಲ್ಲಿಯೇ ನಿಗದಿಯಾಗಿದೆ. ಟ್ಯೂಬಿನ ತುದಿ ಬೇಕೆಂದೇನೂ ಇಲ್ಲ. ನಡುವಿನಲ್ಲಿ ಎಲ್ಲಿಯಾದರೂ ಸರಿ, ಟ್ಯೂಬನ್ನು ಕಾಲುವೆಯಲ್ಲಿ ಕೂರಿಸಿ, ಹೋಳುಗಳನ್ನು ಮುಚ್ಚಿ ಎಳೆದರೆ, ಎರಡೂ ಬದಿಯಲ್ಲಿ ಏಕಕಾಲಕ್ಕೆ ಸೀಳು ಬಿದ್ದು ಟ್ಯೂಬ್ ಉದ್ದಕ್ಕೆ ಎರಡು ಪಾಲಾಗುತ್ತದೆ. ನಮ್ಮ ಕಡೆ ಅಡಿಕೆ ಮರವನ್ನು ದಬ್ಬೆಯಾಗಿ ಸೀಳುವುದನ್ನು ನೋಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ವ್ಯತ್ಯಾಸವಿಷ್ಟೇ, ಈ ದಬ್ಬೆಗಳ ನಡುವೆ ಜೀವಂತ ಬೆಳಕು ಹರಿಯುತ್ತಿರುತ್ತದೆ.

ಕೆಲಸಕ್ಕೆ ಹೊರಡುವ ಮುನ್ನ ಕಚೇರಿಯಲ್ಲಿ ಮಾಡಿಕೊಂಡ ಸಿದ್ಧತೆ ಇಷ್ಟು. ನಾವು ತೆರೆಯಬೇಕಿದ್ದ ಕಿತ್ತಳೆ ಟ್ಯೂಬಿನಲ್ಲಿ ಆರು ಎಳೆಗಳಿವೆ. ಬಣ್ಣದ ಕ್ರಮದಂತೆ ನೀಲಿ, ಕಿತ್ತಳೆ, ಹಸಿರು, ಕಂದು ಎಳೆಗಳು ಚಾಲ್ತಿಯಲ್ಲಿದ್ದವು. ಬೂದು ಮತ್ತು ಬಿಳಿ ಖಾಲಿ ಇದ್ದವು; ಈ ಮನೆಗಳಿಗೆ ಬೂದು ಎಳೆಯನ್ನು ಬಳಸುವುದೆಂದಿತ್ತು. ಚಾಲ್ತಿಯಲ್ಲಿರುವ ನಾಲ್ಕೂ ಎಳೆಗಳ ತುದಿಯಲ್ಲಿ ಒಂದೊಂದು ಮನೆಯ ಸಾಧನವನ್ನು ಆರಿಸಿಕೊಂಡು, ಅಲ್ಲಿ ತಲುಪುತ್ತಿದ್ದ ಬೆಳಕಿನ ಮಟ್ಟವನ್ನು ಬರೆದಿಟ್ಟೆ: ನೀಲಿ ಮೈನಸ್ 18.6 ಡಿಬಿಎಂ (ಬೆಳಕಿನ ಬಲದ ಅಳತೆ; ಮೈನಸ್ ಅಂಕೆ ಹೆಚ್ಚಿದಷ್ಟೂ ಬೆಳಕು ಕಡಿಮೆ), ಕಿತ್ತಳೆ ಮೈನಸ್ 19.2, ಹಸಿರು ಮೈನಸ್ 20.1, ಕಂದು ಮೈನಸ್ 18.9. ಮನೆಗಳಿಂದ, ಎಲ್ಲರಿಗೂ ಬೆಳಕು ಕಳಿಸುವ ಯಂತ್ರವಾದ ಕಚೇರಿಯ ಓಎಲ್‌ಟಿಗೆ ಹಿಂತಿರುಗುವ ಬೆಳಕಿನ ಮಟ್ಟವನ್ನೂ ಬರೆದುಕೊಂಡೆ. ಈ ಎರಡನೆಯ ಸಾಲನ್ನು ಅನೇಕರು ಬರೆದಿಡುವುದಿಲ್ಲ. ಅದರ ಬೆಲೆ ಸಂಜೆಯ ಹೊತ್ತಿಗೆ ನಮಗೆ ತಿಳಿಯಿತು. ಇದೇ ಕೇಬಲ್ಲಿನ ಉಳಿಕೆ ತುಂಡೊಂದು ಗೋದಾಮಿನಲ್ಲಿತ್ತು. ಅದರಿಂದ ಎರಡು ಮೀಟರ್ ಕತ್ತರಿಸಿ ಚೀಲಕ್ಕೆ ಹಾಕಿಕೊಂಡೆ.

ಕಂಬದಿಂದ ಕೇಬಲ್ಲಿನ ಸುರುಳಿ ಇಳಿಸಿ, ಮರದ ನೆರಳಿನಲ್ಲಿ ಮಡಚುವ ಮೇಜು ಹಾಕಿ, ಅದರ ಮೇಲೆ ಕಪ್ಪು ರಬ್ಬರ್ ಹಾಸು ಹರಡಿದೆವು. ಗಾಜಿನ ಚೂರು ಬಿದ್ದರೆ ಕಪ್ಪು ಹಾಸಿನ ಮೇಲೆ ಮಾತ್ರ ಕಾಣುತ್ತದೆ. ಚೂರುಗಳನ್ನು ಹಾಕಲು ಬಿಗಿ ಮುಚ್ಚಳದ ಡಬ್ಬಿ, ಇಬ್ಬರಿಗೂ ಕಣ್ಣಿನ ಕನ್ನಡಕ; ಕೆಲಸ ಮುಗಿದು ಕೈ ತೊಳೆಯುವವರೆಗೆ ಮೇಜಿನ ಬಳಿ ತಿಂಡಿ, ನೀರು, ಎಲೆಅಡಿಕೆ ಯಾವುದೂ ಇಲ್ಲ. ತೆರೆದ ಎಳೆಯ ತುದಿಯನ್ನು ಕಣ್ಣಿಗೆ ನೇರವಾಗಿ ಹಿಡಿಯಬಾರದೆಂದು ಸಹಾಯಕ ಹುಡುಗನಿಗೆ ಮತ್ತೊಮ್ಮೆ ಹೇಳಿದೆ. ಇಲ್ಲಿ ಹರಿಯುವ 1490 ಮತ್ತು 1310 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಕಾಣಿಸುವುದೇ ಇಲ್ಲ. ಕಾಣದ ಬೆಳಕಿಗೆ ರೆಪ್ಪೆ ತಾನಾಗಿ ಮುಚ್ಚುವುದೂ ಇಲ್ಲ.

ಹೊರಕವಚ ತೆಗೆಯುವ ಕೆಲಸ ಎಲ್ಲರಿಗೂ ಗೊತ್ತಿರುವುದೇ. ಎರಡು ಮೀಟರ್ ಅಂತರದಲ್ಲಿ ಎರಡು ಉಂಗುರ ಗೀರು, ನಡುವೆ ಉದ್ದದ ಸೀಳು, ಒಳಗಿನ ಕವಚ ಸೀಳುವ ದಾರವಾದ ರಿಪ್‌ಕಾರ್ಡ್ ಹಿಡಿದೆಳೆದು ಕವಚ ಬಿಡಿಸಿದ್ದು, ಎಳೆತ ತಡೆಯುವ ಅರಾಮಿಡ್ ನೂಲು ಮತ್ತು ನೀರು ತಡೆಯುವ ಪಟ್ಟಿಯನ್ನು ಕತ್ತರಿಸಿ ತೆಗೆದದ್ದು. ಆ ಮೇಲೆ ನಡುವಿನ, ನಾರು ಬೆರೆತ ಪ್ಲಾಸ್ಟಿಕ್ಕಿನ ಗಟ್ಟಿ ಎಫ್‌ಆರ್‌ಪಿ ಕಡ್ಡಿಯ ಸುತ್ತ ನಾಲ್ಕು ಟ್ಯೂಬುಗಳು ಸುತ್ತಿಕೊಂಡಿರುವುದು ಕಾಣುತ್ತದೆ. ಅವು ಒಂದೇ ದಿಕ್ಕಿನಲ್ಲಿ ಸುತ್ತಿಕೊಂಡು ಹೋಗಿದ್ದರೆ ನಡುವಿನಲ್ಲಿ ಬಿಡಿಸುವುದು ಸಾಧ್ಯವೇ ಆಗುತ್ತಿರಲಿಲ್ಲ. ಕೆಲವು ಸುತ್ತು ಬಲಕ್ಕೆ, ಮತ್ತೆ ಕೆಲವು ಸುತ್ತು ಎಡಕ್ಕೆ ತಿರುಗುವಂತೆ ಹೆಣೆದಿರುವುದರಿಂದ, ದಿಕ್ಕು ಬದಲಾಗುವ ಜಾಗವನ್ನು ಹುಡುಕಿ ಅಲ್ಲಿಂದ ಬಿಡಿಸಿದರೆ ಟ್ಯೂಬುಗಳು ತಾವಾಗಿ ಕಡ್ಡಿಯಿಂದ ಕಳಚಿಕೊಂಡು ಸಡಿಲವಾಗುತ್ತವೆ. ಎರಡು ಮೀಟರ್ ತೆರೆದದ್ದು ಇದಕ್ಕಾಗಿಯೇ. ತೆರೆದ ಉದ್ದ ಕಡಿಮೆಯಾದರೆ ಆ ತಿರುವು ಕವಚದ ಒಳಗೇ ಉಳಿದುಹೋಗುತ್ತದೆ. ಟ್ಯೂಬುಗಳನ್ನು ಬಿಡಿಸಿದ ಮೇಲೆ, ಪೆಟ್ಟಿಗೆಯ ಹಿಡಿಕೆಗೆ ಬಿಗಿಯಲು ಎರಡೂ ಕಡೆ ಏಳೆಂಟು ಸೆಂಟಿಮೀಟರ್ ಉಳಿಸಿಕೊಂಡು ಕಡ್ಡಿಯ ನಡುಭಾಗವನ್ನು ಕತ್ತರಿಸಿ ತೆಗೆದೆವು.

ಈಗ ಕಿತ್ತಳೆ ಟ್ಯೂಬ್. ಹುಡುಗ ಸ್ಲಿಟ್ಟರನ್ನು ಕೈಗೆತ್ತಿಕೊಂಡು, "ಅಣ್ಣಾ, ಶುರು ಮಾಡ್ಲಾ?" ಎಂದ. "ಮೊದ್ಲು ತುಂಡಿನ ಮೇಲೆ ಎಳೆದು ನೋಡಪ್ಪಾ" ಎಂದೆ.

ಈ ಪರೀಕ್ಷೆಗೆ ಕೊಟ್ಟ ಇಪ್ಪತ್ತು ನಿಮಿಷವೇ ಇಡೀ ದಿನದ ಅತಿ ಮುಖ್ಯ ಕೆಲಸವೆಂದು ನಾನು ಭಾವಿಸುತ್ತೇನೆ. ವರ್ನಿಯರ್ ಕ್ಯಾಲಿಪರಿನಲ್ಲಿ ಟ್ಯೂಬಿನ ವ್ಯಾಸ ಅಳೆದಾಗ 2.4 ಬಂತು. ಒತ್ತಿ ಹಿಡಿದರೆ ಟ್ಯೂಬ್ ಚಪ್ಪಟೆಯಾಗಿ ಅಳತೆ ತಪ್ಪುವುದರಿಂದ, ಸುತ್ತ ತಿರುಗಿಸಿ ಮೂರು ಕಡೆ ಅಳೆದೆ. ಕಿರಿದರಿಂದ ಹಿರಿದಕ್ಕೆ ಲೆಕ್ಕ ಹಾಕಿದರೆ ಅದು ಮೂರನೆಯ ಕಾಲುವೆಗೆ ಹೊಂದಬೇಕು. ಆದರೂ ಮೊದಲು ನಾಲ್ಕನೆಯದರಲ್ಲಿ ಇಟ್ಟು ಎಳೆದೆವು. ಟ್ಯೂಬಿನ ಮೇಲೆ ಎರಡು ತೆಳು ಗೀರು ಬಿದ್ದವೇ ಹೊರತು ಗೋಡೆ ಸೀಳಲಿಲ್ಲ. ಮೂರನೆಯದರಲ್ಲಿ ಎಳೆದಾಗ ಎರಡು ಪಾಲುಗಳು ಸಲೀಸಾಗಿ ಬೇರ್ಪಟ್ಟವು. ಒಳಗಿನ ಎಳೆಗಳನ್ನು ಒರೆಸಿ ಭೂತಗನ್ನಡಿಯಲ್ಲಿ ನೋಡಿದರೆ ಬಣ್ಣ ಎಲ್ಲಿಯೂ ಹೋಗಿರಲಿಲ್ಲ. ಹುಡುಗನಿಗೆ ತಿಳಿಯಲೆಂದು ಎರಡನೆಯ ಕಾಲುವೆಯಲ್ಲಿಯೂ ಒಂದು ಗೇಣು ಎಳೆಸಿದೆ. ಟ್ಯೂಬ್ ಇನ್ನೂ ಸಲೀಸಾಗಿಯೇ ಬಿಚ್ಚಿಕೊಂಡಿತು, ಕೈಗೆ ಹಗುರವೂ ಆಯಿತು. ಆದರೆ ಒಳಗೆ ಹಸಿರು ಎಳೆಯ ಲೇಪನ ಅರ್ಧ ಬೆರಳಿನುದ್ದ ಸುಲಿದು ಗಾಜು ಬರಿದಾಗಿತ್ತು. ಕೈಗೆ ಹಗುರವೆನಿಸಿದ್ದೇ ಸರಿಯಾದ ಕಾಲುವೆ ಎಂದು ನಂಬಬಾರದೆಂಬುದನ್ನು ಅವನು ಕಣ್ಣಾರೆ ನೋಡಿದಂತಾಯಿತು.

ಕಾಲುವೆ ಸರಿಯಿದ್ದರೂ ಕೆಡುವ ದಾರಿಗಳಿವೆ. ಎಳೆಗಳು ಟ್ಯೂಬಿನೊಳಗೆ ಟ್ಯೂಬಿನ ಉದ್ದಕ್ಕಿಂತ ತುಸು ಹೆಚ್ಚೇ ಉದ್ದವಾಗಿ, ಅಲೆಯಲೆಯಾಗಿ ಮಲಗಿರುತ್ತವೆ. ಟ್ಯೂಬ್ ನೇರವಾಗಿದ್ದಾಗ ಅವು ಜೆಲ್ಲಿಯ ನಡುವೆ ತೇಲಿಕೊಂಡಿರುತ್ತವೆ. ಟ್ಯೂಬ್ ಬಾಗಿದರೆ ಒಂದು ಬದಿಯ ಗೋಡೆಗೆ ಒತ್ತಿಕೊಳ್ಳುತ್ತವೆ. ಆ ಬದಿಯಲ್ಲಿಯೇ ಅಲಗು ಬಂದರೆ ಎಳೆ ಅದಕ್ಕೆ ಸಿಕ್ಕಿತೆಂದೇ ಅರ್ಥ. ಕಡ್ಡಿಯ ಸುತ್ತ ಸುತ್ತಿಕೊಂಡಿದ್ದ ನೆನಪಿನಿಂದ ಟ್ಯೂಬ್ ತಿರುಚಿಕೊಂಡಿರುತ್ತದೆ ಬೇರೆ. ಆದುದರಿಂದ ಮೇಜಿನ ಎರಡೂ ತುದಿಗಳಲ್ಲಿ, ಒಳಗೆ ಸ್ಪಂಜು ಅಂಟಿಸಿದ ಹಿಡಿಕೆಗಳಲ್ಲಿ ಟ್ಯೂಬನ್ನು ಮೃದುವಾಗಿ ಹಿಡಿಸಿ, ತಿರುಚು ಬಿಡಿಸಿ, ಚಿಟಿಕೆಯಷ್ಟೂ ಸಡಿಲವಿಲ್ಲದಂತೆ ನೇರ ಮಾಡಿದೆವು. ಜಗ್ಗಿ ಕಟ್ಟುವುದೂ ತಪ್ಪು. ಇನ್ನೊಂದು ಮಾತು ಹವೆಯದು. ಬೆಳಗಿನ ಚಳಿಯಲ್ಲಿ ಟ್ಯೂಬಿನ ಪ್ಲಾಸ್ಟಿಕ್ಕು ಬಿರುಸಾಗಿದ್ದು, ಸೀಳು ಅಲಗಿನ ಮುಂದೆ ಓಡಿ ಅಡ್ಡಾದಿಡ್ಡಿ ಬಿರಿಯುವುದನ್ನು ಘಟ್ಟದ ಮೇಲೆ ನಾನು ನೋಡಿದ್ದೇನೆ. ಅಂದು ಹತ್ತು ಗಂಟೆಯ ಬಿಸಿಲು ಏರಿದ ಮೇಲೆಯೇ ಕೈ ಹಾಕಿದೆವು.

ಸ್ಲಿಟ್ಟರಿನ ಮೂರನೆಯ ಕಾಲುವೆಯಲ್ಲಿ ಟ್ಯೂಬನ್ನು ಕೂರಿಸಿ, ಹೋಳುಗಳನ್ನು ಒಮ್ಮೆಲೇ ಅದುಮದೆ, ಅಲಗು ಗೋಡೆಗೆ ಇಳಿಯುವುದನ್ನು ಬೆರಳಿಗೆ ತಿಳಿಯುವಷ್ಟು ನಿಧಾನವಾಗಿ ಮುಚ್ಚಿದೆ. ಎಡಗೈ ಟ್ಯೂಬನ್ನು ಹಿಡಿದಿತ್ತು, ಬಲಗೈ ಉಪಕರಣವನ್ನು ಮೇಜಿಗೆ ಸಮಾನಾಂತರವಾಗಿ ಎಳೆಯಿತು. ಉಪಕರಣ ಅಕ್ಕಪಕ್ಕ ವಾಲಿದರೆ ಒಂದು ಬದಿಯ ಅಲಗು ಆಳಕ್ಕೂ ಇನ್ನೊಂದು ಬದಿಯದು ಮೇಲಕ್ಕೂ ಹೋಗುತ್ತದೆ. ಹಾಗಾಗಿ ವೇಗಕ್ಕಿಂತ ನೇರಕ್ಕೆ ಗಮನ ಕೊಡಬೇಕು. ಒಂದೂವರೆ ಮೀಟರನ್ನು ಒಂದೇ ಎಳೆತದಲ್ಲಿ ಮುಗಿಸಿದೆ. ನಡುವೆ ನಿಲ್ಲಿಸಿ ಮತ್ತೆ ಹೊರಟರೆ ನಿಂತ ಜಾಗದಲ್ಲಿ ಸಣ್ಣ ಮೆಟ್ಟಿಲು ಉಳಿಯುತ್ತದೆ, ಪಾಲುಗಳನ್ನು ಬಿಡಿಸುವಾಗ ಅಲ್ಲಿ ಎಳೆ ಸಿಕ್ಕಿಕೊಳ್ಳಬಹುದು. ತುದಿ ತಲುಪಿದ ಮೇಲೆ ಉಪಕರಣವನ್ನು ಹಿಂದಕ್ಕೆ ತಳ್ಳದೆ, ಅಲ್ಲಿಯೇ ತೆರೆದು ಮೇಲಕ್ಕೆ ಎತ್ತಿದೆ. ಹಿಂದಕ್ಕೆ ತಳ್ಳಿದರೆ ಬಿಚ್ಚಿಕೊಂಡ ಟ್ಯೂಬಿನೊಳಗಿನ ಎಳೆಗಳ ಮೇಲೆ ಅಲಗು ಹಾಯುತ್ತದೆ.

ನಡುವಿನಲ್ಲಿ ಬೆರಳಿನ ಉಗುರಿನಿಂದ ಸೀಳನ್ನು ಮೆಲ್ಲನೆ ಅಗಲಿಸಿದಾಗ ಎರಡು ಕಿತ್ತಳೆ ಪಾಲುಗಳ ನಡುವೆ, ಪಾರದರ್ಶಕ ಜೆಲ್ಲಿಯಲ್ಲಿ ಆರು ಬಣ್ಣದ ಎಳೆಗಳು ಒಟ್ಟಾಗಿ ಮಲಗಿರುವುದು ಕಂಡಿತು. ಎಷ್ಟು ಸಲ ನೋಡಿದರೂ ಆ ನೋಟ ನನಗೆ ಹಳತಾಗಿಲ್ಲ. ಮೂರು ಊರುಗಳ ಮಾತು, ಪಾಠ, ಹಣದ ವ್ಯವಹಾರ ಆ ಕ್ಷಣದಲ್ಲಿ ನಮ್ಮ ಬೆರಳುಗಳ ನಡುವೆಯೇ ಹಾದುಹೋಗುತ್ತಿತ್ತು.

ಪಾಲುಗಳ ತುದಿಗಳನ್ನು ಕತ್ತರಿಸುವಾಗ ಅವಸರ ಮಾಡಿದರೆ ಇಲ್ಲಿಯವರೆಗಿನ ಜಾಗ್ರತೆಯೆಲ್ಲ ನೀರುಪಾಲಾಗುತ್ತದೆ. ಒಂದೊಂದು ಪಾಲನ್ನೂ ಎಳೆಗಳಿಂದ ದೂರಕ್ಕೆ ಹಿಂದೆ ಮಡಚಿ, ಎಳೆಗಳ ಕಟ್ಟನ್ನು ಹುಡುಗ ಇನ್ನೊಂದು ಬದಿಗೆ ಸರಿಸಿ ಹಿಡಿದ ಮೇಲೆ, ಪಾಲನ್ನು ಮಾತ್ರ ಕಟ್ಟರಿನಿಂದ ಕತ್ತರಿಸಿದೆ. ನಾಲ್ಕು ತುದಿಗಳಿಗೂ ನಾಲ್ಕು ಬಾರಿ ಹೀಗೆಯೇ. ಜೆಲ್ಲಿಯನ್ನು ಮೊದಲು ಒಣ ನಾರುರಹಿತ ಕಾಗದದಿಂದ ಒರೆಸಿ, ಆ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ತಗಲಿಸಿದ ಕಾಗದದಿಂದ ಒರೆಸಿದೆವು. ಕೆಲವರು ಇದಕ್ಕೆ ಪೆಟ್ರೋಲ್ ಬಳಸುವುದನ್ನು ನೋಡಿದ್ದೇನೆ; ಎಳೆಯ ಲೇಪನಕ್ಕೆ ಅದು ಒಳ್ಳೆಯದಲ್ಲ, ಬೆಂಕಿಯ ಭಯವೂ ಇದೆ, ದಯವಿಟ್ಟು ಬಳಸಬೇಡಿ. ಒರೆಸುವುದೇ ಒಂದು ಪರೀಕ್ಷೆಯೂ ಹೌದು. ಒಂದೊಂದೇ ಎಳೆಯನ್ನು ಎರಡು ಬೆರಳುಗಳ ನಡುವಿನ ಕಾಗದದಲ್ಲಿ ತುದಿಯಿಂದ ತುದಿಗೆ ಹಾಯಿಸಿದಾಗ ಎಲ್ಲಿಯಾದರೂ ಕಾಗದ ತಡೆದಂತಾದರೆ ಅಥವಾ ಕಾಗದದ ಮೇಲೆ ಆ ಎಳೆಯ ಬಣ್ಣದ ಹೊಪ್ಪಳೆ ಉಳಿದರೆ, ಅಲ್ಲಿ ಲೇಪನ ಕೆಟ್ಟಿದೆಯೆಂದು ತಿಳಿಯಬೇಕು. ಆರೂ ಎಳೆಗಳು ತಡೆಯಿಲ್ಲದೆ ಹಾದವು.

ಬೂದು ಎಳೆ ಖಾಲಿಯೆಂದು ಕಾಗದದಲ್ಲಿದ್ದರೂ, ಬಣ್ಣವನ್ನಷ್ಟೇ ನಂಬಿ ಕತ್ತರಿ ಹಾಕಲಿಲ್ಲ. ಜೆಲ್ಲಿ ಅಂಟಿದ ಬಿಳಿಯೂ ಬೂದಿನಂತೆಯೇ ಕಾಣುವುದುಂಟು. ಕಚೇರಿಯಲ್ಲಿದ್ದ ಗೆಳೆಯನಿಗೆ ಫೋನ್ ಮಾಡಿ, ಬೂದು ಎಳೆಗೆ 2 ಕಿಲೋಹರ್ಟ್ಸ್ ಮಿಡಿತದ ಬೆಳಕು ಬಿಡಲು ಹೇಳಿದೆ. ಎಳೆಯನ್ನು ತುಸು ಬಾಗಿಸಿ ಒಳಗಿನ ಬೆಳಕನ್ನು ಗುರುತಿಸುವ ಕ್ಲಿಪ್ ಉಪಕರಣವನ್ನು ಬೂದು ಎಳೆಗೆ ಹಿಡಿದಾಗ ಅದೇ ಮಿಡಿತ ಕಾಣಿಸಿತು. ಅವನು ಬೆಳಕು ಆರಿಸಿದ ಮೇಲೆ ಮತ್ತೊಮ್ಮೆ ಹಿಡಿದೆ, ಏನೂ ಇರಲಿಲ್ಲ. ಆಗ ಮಾತ್ರ ಬೂದು ಎಳೆಯನ್ನು ಕತ್ತರಿಸಿದೆ. ಬಿಳಿಯನ್ನು ಮುಂದಿನ ದಿನಗಳಿಗೆಂದು ಹಾಗೆಯೇ ಅಖಂಡವಾಗಿ ಉಳಿಸಿದೆವು. ಕಚೇರಿಯ ಕಡೆಯ ತುದಿಯನ್ನು ಒಂದು ಎಳೆಯ ಬೆಳಕನ್ನು ಎಂಟಾಗಿ ಹಂಚುವ 1:8 ಸ್ಪ್ಲಿಟ್ಟರಿಗೆ ಬೆಸೆದಾಗ ಯಂತ್ರ ತೋರಿಸಿದ ಅಂದಾಜು ನಷ್ಟ 0.02 ಡಿಬಿ. ಮುಂದಿನ ಕಡೆಯ ತುದಿಯನ್ನು ಹೆಸರು ಬರೆದು, ಪೆಟ್ಟಿಗೆಯೊಳಗೆ ಎಳೆಗಳನ್ನು ಸುತ್ತಿಡುವ ಟ್ರೇಯಲ್ಲಿ ಸುತ್ತಿಟ್ಟೆವು.

ಚಾಲ್ತಿಯಲ್ಲಿರುವ ನಾಲ್ಕು ಎಳೆಗಳನ್ನೂ ಬಿಳಿಯನ್ನೂ ಮೂರು ಸೆಂಟಿಮೀಟರಿಗಿಂತ ಕಡಿಮೆ ತ್ರಿಜ್ಯದ ಬಾಗು ಬರದಂತೆ ಟ್ರೇಯಲ್ಲಿ ಸುತ್ತಿ, ಬಿಚ್ಚದ ಮೂರು ಟ್ಯೂಬುಗಳನ್ನು ಪೆಟ್ಟಿಗೆಯ ಬುಟ್ಟಿಯಲ್ಲಿ ಮಲಗಿಸಿ, ಮುಚ್ಚುವ ಮೊದಲು ಕಚೇರಿಗೆ ಫೋನ್ ಮಾಡಿ ಅಳತೆ ಕೇಳಿದೆ. ನೀಲಿ, ಹಸಿರು ಇದ್ದಲ್ಲಿಯೇ ಇದ್ದವು. ಕಿತ್ತಳೆ ಮೈನಸ್ 19.3, ಅದು ಲೆಕ್ಕಕ್ಕಿಲ್ಲ. ಕಂದು ಮಾತ್ರ ಮೈನಸ್ 18.9ರಿಂದ ಮೈನಸ್ 20.0ಕ್ಕೆ ಇಳಿದಿತ್ತು. ಹುಡುಗನ ಮುಖ ಬಾಡಿತು. ಅಲಗು ತಗಲಿರಬಹುದೆಂಬ ಸಂಶಯ ನನಗೂ ಒಂದು ಕ್ಷಣ ಬಂತು. ಆದರೆ ಬೆಳಿಗ್ಗೆ ಬರೆದಿಟ್ಟ ಎರಡನೆಯ ಸಾಲು ಇತ್ತಲ್ಲ. ಅದೇ ಎಳೆಯಲ್ಲಿ ಮನೆಯಿಂದ ಕಚೇರಿಗೆ ಹಿಂತಿರುಗುವ ಬೆಳಕು ಕೇವಲ 0.2 ಡಿಬಿ ಇಳಿದಿತ್ತು. ಮನೆಗೆ ಹೋಗುವುದು 1490 ನ್ಯಾನೋಮೀಟರಿನ ಬೆಳಕು, ಹಿಂತಿರುಗುವುದು 1310ರದು. ಎಳೆ ಬಿಗಿಯಾಗಿ ಬಾಗಿದಾಗ ಉದ್ದ ತರಂಗದ ಬೆಳಕು ಹೆಚ್ಚು ಸೋರುತ್ತದೆ, ಗಿಡ್ಡ ತರಂಗದ್ದು ಕಡಿಮೆ ಸೋರುತ್ತದೆ. ಕೆಟ್ಟ ಬೆಸುಗೆಯಲ್ಲಾದರೆ ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿಯುತ್ತಿದ್ದವು. ಹಾಗಾದರೆ ಇದು ಬಾಗು, ಹುಡುಕಬೇಕಾದದ್ದು ಟ್ರೇಯಲ್ಲಿ. ತೆರೆದು ನೋಡಿದಾಗ ಕಂದು ಎಳೆ ಟ್ರೇಯ ಮೂಲೆಯ ಹಿಡಿಕೆಯ ಕೆಳಗೆ ಹೋಗುವ ಬದಲು ಅದರ ಮೇಲೇರಿ, ಅಲ್ಲಿ ಕಡಲೆಕಾಳಿನಷ್ಟು ಸಣ್ಣ ಬಾಗಿನಲ್ಲಿ ಸಿಕ್ಕಿಕೊಂಡಿತ್ತು. ಬಿಡಿಸಿ ಸರಿಯಾಗಿ ಮಲಗಿಸಿದೆವು. ಅಳತೆ ಮೈನಸ್ 18.9ಕ್ಕೆ ಮರಳಿತು.

ಉಳಿದದ್ದು ಬೇಗ ಮುಗಿಯಿತು. ಕೇಬಲ್ಲಿನ ಎರಡೂ ಕಾಲುಗಳು ಒಟ್ಟಿಗೆ ಹೋಗುವ ಪೆಟ್ಟಿಗೆಯ ಉದ್ದುರುಟು ಬಾಯಿಯನ್ನು ಜೆಲ್ ಸೀಲಿನಿಂದ ಬಿಗಿದು, ಮಳೆನೀರು ಕೇಬಲ್ ಹಿಡಿದು ಇಳಿದು ಒಳಗೆ ಹೋಗದಂತೆ ಬಾಯಿ ಕೆಳಗಾಗಿ ಕಂಬಕ್ಕೆ ಏರಿಸಿದೆವು. ಮರುದಿನ ಎಂಟು ಮನೆಗಳಿಗೂ ತಂತಿ ಎಳೆದು ಅಳೆದಾಗ ಮೈನಸ್ 17ರಿಂದ ಮೈನಸ್ 18 ಡಿಬಿಎಂ ನಡುವೆ ಬಂತು. ಆ ಸಾಧನಗಳು ಮೈನಸ್ 27ರವರೆಗೂ ಓದಬಲ್ಲವು, ಆದುದರಿಂದ ಮುಂದೆ ಸಂಪರ್ಕ ಒಂದಿಷ್ಟು ಹಳತಾದರೂ ತೊಂದರೆಯಿಲ್ಲ. ಮುಂದಿನ ಊರುಗಳಲ್ಲಿ ಯಾರಿಗೂ ಸಂಪರ್ಕ ಒಂದು ಕ್ಷಣವೂ ಕಡಿದಿರಲಿಲ್ಲ.

ಸ್ಲಿಟ್ಟರಿನ ಕಾಲುವೆಗಳಲ್ಲಿ ಉಳಿದಿದ್ದ ಜೆಲ್ಲಿಯನ್ನು ಅಂದೇ ಸಂಜೆ ಆಲ್ಕೋಹಾಲಿನಿಂದ ಒರೆಸಿ, ಅಲಗುಗಳ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದೆ. ಮೊಂಡಾದ ಅಲಗು ಕತ್ತರಿಸುವ ಬದಲು ಟ್ಯೂಬನ್ನು ಒಳಕ್ಕೆ ಒತ್ತುತ್ತದೆ, ಒತ್ತಿದ ಗೋಡೆ ಎಳೆಯ ಮೇಲೆ ಕೂರುತ್ತದೆ. ಆದುದರಿಂದ ಸಂಶಯ ಬಂದರೆ ಅಲಗಿನ ಗುಚ್ಛವನ್ನೇ ಬದಲಿಸುವುದು ಒಳ್ಳೆಯದು. ನಮ್ಮದು ಇನ್ನೂ ಹರಿತವಾಗಿತ್ತು. ಪೆಟ್ಟಿಗೆ ಮುಚ್ಚುವ ಮೊದಲು, ಪರೀಕ್ಷೆಗೆ ಬಳಸಿದ್ದ ಟ್ಯೂಬಿನ ಒಂದು ಗೇಣುದ್ದದ ತುಂಡನ್ನು ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, "2.4 ಮಿ.ಮೀ., ಮೂರನೆಯ ಕಾಲುವೆ, ಬಿಳಿ ಖಾಲಿ" ಎಂದು ಬರೆದು ಟ್ರೇಯ ಕೆಳಗೆ ಇಟ್ಟಿದ್ದೆವು. ಮುಂದೆ ಆ ಕಂಬ ಹತ್ತುವವರು ನಾವಲ್ಲದೆಯೂ ಇರಬಹುದು.